ಬಾಯಿ ತೆರೆಯುವ ಮೊದಲೇ ಬಾಯಿ ಬಿಡಿ: ಮೊದಲ ಸಲ ಹಲ್ಲಿನ ಡಾಕ್ಟರ್ ಹತ್ತಿರ ಹೋಗುವವರಿಗೆ

ಬೇರೆ ಡಾಕ್ಟರ ಎದುರು ಪರೀಕ್ಷೆ ನಡೆಯುತ್ತಿರುವಾಗಲೂ ಮಾತಾಡಬಹುದು. ಹೊಟ್ಟೆ ಒತ್ತಿ ನೋಡುತ್ತಿದ್ದರೆ "ಅಲ್ಲಲ್ಲ, ಇನ್ನೊಂಚೂರು ಕೆಳಗೆ" ಎಂದು ದಾರಿ ತೋರಿಸಬಹುದು. ಹಲ್ಲಿನ ಡಾಕ್ಟರ್ ಹತ್ತಿರ ಆ ಅವಕಾಶವಿಲ್ಲ. ಕುರ್ಚಿ ಹಿಂದಕ್ಕೆ ವಾಲಿ, ಬಾಯೊಳಗೆ ಪುಟ್ಟ ಕನ್ನಡಿ, ತುಟಿಯ ಮೂಲೆಗೆ ಎಂಜಲು ಹೀರುವ ಕೊಳವೆ ಬಂದು ಕೂತ ಮೇಲೆ ನಿಮ್ಮಿಂದ ಹೊರಡುವುದು "ಆಂ", "ಊಂಹೂಂ" ಇವೆರಡೇ. ಅವರು ಪ್ರಶ್ನೆ ಕೇಳುವುದೂ ಸರಿಯಾಗಿ ಆ ಹೊತ್ತಿಗೇ!

ಹಾಗಾಗಿ ಹೇಳಬೇಕಾದ್ದನ್ನೆಲ್ಲ ಮೊದಲೇ ಹೇಳಿ ಮುಗಿಸಿರಬೇಕು. ಹಲ್ಲು ಹೇಗಿದೆ ಎಂಬುದನ್ನು ಅವರು ನೋಡಿಕೊಳ್ಳುತ್ತಾರೆ. ಯಾವಾಗಿನಿಂದ ಹಾಗಿದೆ, ನೀವು ದಿನಾ ಯಾವ ಮಾತ್ರೆ ನುಂಗುತ್ತೀರಿ, ಯಾವುದಕ್ಕೆ ಹೆದರುತ್ತೀರಿ ಎಂಬುದು ಯಾವ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. ನಾನು ಮೊದಲ ಸಲ ಹೋದದ್ದು ಮೂವತ್ತು ದಾಟಿದ ಮೇಲೆ, ಅದೂ ಒಮ್ಮೆ ಕೆನ್ನೆ ಊದಿದ ಮೇಲೆ. ಕೇಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವತ್ತಿನ ನನ್ನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಾಯಬಹುದೋ, ಬಾರದೋ

ನೋವೇನೂ ಇಲ್ಲದಾಗ ಸುಮ್ಮನೆ ತೋರಿಸಿಕೊಂಡು ಬರಲು ಹೋಗುವುದೇ ಒಳ್ಳೆಯ ಮೊದಲ ಭೇಟಿ. ಮಾತುಕತೆ, ಪರೀಕ್ಷೆ, ಬೇಕಿದ್ದರೆ ಎಕ್ಸ್‌ರೇ, ಹೆಚ್ಚೆಂದರೆ ಕ್ಲೀನಿಂಗ್; ಸಾಮಾನ್ಯವಾಗಿ ಅಷ್ಟರಲ್ಲಿ ಮುಗಿಯುತ್ತದೆ. ಹುಳುಕು ಶುರುವಿನಲ್ಲಿ ನೋಯುವುದಿಲ್ಲ ಎಂಬುದೇ ತೊಂದರೆ. ಹಲ್ಲಿನ ಹೊರಪದರವಾದ ಎನಾಮಲ್‌ನಲ್ಲಿ ನರವಿಲ್ಲ. ತೂತು ಅದರ ಕೆಳಗಿನ ಡೆಂಟಿನ್ ಮುಟ್ಟಿದಾಗ ಜುಮ್ಮೆನ್ನುತ್ತದೆ, ಒಳಗಿನ ತಿರುಳಿಗಿಳಿದಾಗ ನಿದ್ದೆ ಕೆಡಿಸುತ್ತದೆ. ನೋವು ಬಂದಾಗ ಹೋದರಾಯಿತು ಎಂದು ಕೂತವರು ಚಿಕ್ಕ ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿದ್ದ ಕೆಲಸವನ್ನು, ಹಲ್ಲಿನೊಳಗಿನ ಕೆಟ್ಟ ತಿರುಳನ್ನು ತೆಗೆದು ತುಂಬುವ ರೂಟ್ ಕೆನಾಲ್‌ವರೆಗೆ ಬೆಳೆಸಿರುತ್ತಾರೆ.

(ಅಂದಹಾಗೆ, "ಹುಳುಕು" ಎಂಬ ಮಾತಿನೊಳಗೇ ಒಂದು ಹುಳು ಕೂತಿದೆ. ಹಲ್ಲನ್ನು ಹುಳು ಕೊರೆಯುತ್ತದೆ ಎಂಬ ನಂಬಿಕೆ ಬೇರೆ ಬೇರೆ ದೇಶಗಳಲ್ಲೂ ಬಹುಕಾಲ ಇತ್ತು. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲೇ ಅದನ್ನು ತಳ್ಳಿಹಾಕಿದ್ದ. ನಾವು ತಿಂದ ಸಕ್ಕರೆಯನ್ನು ಬ್ಯಾಕ್ಟೀರಿಯಾ ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಆದ್ದರಿಂದ ಹಲ್ಲಿನ ಹುಳ ತೆಗೆದು ತೋರಿಸುತ್ತೇವೆ ಎನ್ನುವವರಿಂದ ದೂರವಿರಿ.)

ಕೆಲವು ಲಕ್ಷಣಗಳಿದ್ದರೆ ಮಾತ್ರ ಅಪಾಯಿಂಟ್‌ಮೆಂಟ್ ಎಂದು ಕಾಯುವಂತಿಲ್ಲ. ಬಾವು ಕಣ್ಣಿನ ಕಡೆಗೋ ಕತ್ತಿನ ಕಡೆಗೋ ಹಬ್ಬುತ್ತಿದ್ದರೆ, ಜ್ವರ ಬಂದಿದ್ದರೆ, ಬಾಯಿ ತೆರೆಯಲಾಗದಿದ್ದರೆ, ನಾಲಿಗೆಯಡಿ ಗಟ್ಟಿಯಾಗಿ ಊದಿದ್ದರೆ, ಎಂಜಲು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಆಗಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬಿದ್ದು ಶಾಶ್ವತ ಹಲ್ಲು ಬೇರುಸಮೇತ ಉದುರಿದರೂ ಅಷ್ಟೇ ಆತುರ. ಬೇರನ್ನು ಮುಟ್ಟದೆ, ಬಿಳಿಭಾಗ ಹಿಡಿದೆತ್ತಿ, ಹಾಲಿನಲ್ಲಿ ಹಾಕಿಕೊಂಡು ಓಡಿ. ಒಂದು ಗಂಟೆಯೊಳಗೆ ತಲುಪಿದರೆ ಅದೇ ಹಲ್ಲು ಮತ್ತೆ ಕೂರುವ ಸಾಧ್ಯತೆ ಹೆಚ್ಚು.

ಫೋನ್ ಮಾಡುವಾಗ

ಇದು ಎರಡು ನಿಮಿಷದ ಕೆಲಸ. "ಮೊದಲ ಸಲ ಬರುತ್ತಿದ್ದೇನೆ" ಎಂದು ಹೇಳಿ. ಹೊಸಬರಿಗೆ ಹೆಚ್ಚು ಹೊತ್ತು ಇಟ್ಟುಕೊಳ್ಳುವವರಿದ್ದಾರೆ. ಮುಖ್ಯ ತೊಂದರೆ ಏನು, ಗರ್ಭಿಣಿಯೋ, ಹೃದಯದ ತೊಂದರೆ ಇದೆಯೋ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರೋ, ಇಷ್ಟನ್ನು ಅಲ್ಲೇ ತಿಳಿಸಿ. ಸಕ್ಕರೆ ಕಾಯಿಲೆಯವರೂ ತುಂಬ ಹೆದರುವವರೂ ಬೆಳಗಿನ ಹೊತ್ತು ಕೇಳಿ ಪಡೆಯುವುದು ಲೇಸು. ಮೊದಲನೆಯವರಿಗೆ ತಿಂಡಿ ಮಾತ್ರೆಗಳ ಲೆಕ್ಕ ತಪ್ಪುವುದಿಲ್ಲ, ಎರಡನೆಯವರಿಗೆ ದಿನವಿಡೀ ಕೂತು ಬೆದರುವ ಕಷ್ಟ ತಪ್ಪುತ್ತದೆ.

ಒಂದು ಚೀಟಿ ಬರೆದುಕೊಳ್ಳಿ

ಈ ಚೀಟಿಯೇ ನಿಮ್ಮ ನಾಲಿಗೆ. ಫೋನಿನಲ್ಲಿ ಟೈಪ್ ಮಾಡಿಕೊಂಡರೂ ಸರಿ, ಆದರೆ ಕಾಗದವಾದರೆ ಅವರ ಕೈಗೇ ಕೊಟ್ಟುಬಿಡಬಹುದು.

ನೋವಿದ್ದರೆ ಅದರಿಂದಲೇ ಶುರು ಮಾಡಿ. "ಬಲಗಡೆ ಎಲ್ಲೋ ನೋಯುತ್ತೆ" ಎಂದರೆ ಡಾಕ್ಟರಿಗೆ ಹೆಚ್ಚೇನೂ ಸಿಗುವುದಿಲ್ಲ. ತಣ್ಣೀರು ಕುಡಿದಾಗ ಜುಮ್ಮೆಂದು ಕ್ಷಣದಲ್ಲಿ ಹೋಗುತ್ತದೋ, ನೀರು ನುಂಗಿ ಅರ್ಧ ನಿಮಿಷವಾದರೂ ನಿಲ್ಲುವುದಿಲ್ಲವೋ, ಗಮನಿಸಿ. ಮೊದಲನೆಯದಾದರೆ ಹಲ್ಲಿನ ತಿರುಳು ಇನ್ನೂ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿರಬಹುದು. ಎರಡನೆಯದಾದರೆ, ಅದರಲ್ಲೂ ಬಿಸಿ ತಗಲಿದರೆ ಹೆಚ್ಚಾಗಿ, ರಾತ್ರಿ ಮಲಗಿದಾಗ ತಾನಾಗಿಯೇ ಶುರುವಾಗುವ ನೋವಾದರೆ, ಮಾತು ರೂಟ್ ಕೆನಾಲ್ ಕಡೆಗೆ ಹೊರಳಬಹುದು ಎಂದು ಮನಸ್ಸನ್ನು ಸಜ್ಜು ಮಾಡಿಕೊಂಡೇ ಹೋಗಿ. ಕಚ್ಚಿದಾಗ ನೋವೋ, ಕಚ್ಚಿದ್ದನ್ನು ಬಿಟ್ಟಾಗ ನೋವೋ? ಬಿಟ್ಟಾಗ ಚುರ್ರೆಂದರೆ ಹಲ್ಲು ಸೀಳಿರಬಹುದೆಂಬ ಗುಮಾನಿ ಬರುತ್ತದೆ. ನೆಗಡಿಯ ಜೊತೆಗೆ ಮೇಲಿನ ದವಡೆ ಹಲ್ಲುಗಳೆಲ್ಲ ಒಟ್ಟಿಗೆ ನೋಯುತ್ತಿದ್ದು, ತಲೆ ಬಗ್ಗಿಸಿದರೆ ಹೆಚ್ಚುತ್ತಿದ್ದರೆ ಹಲ್ಲು ನಿರಪರಾಧಿ, ಸೈನಸ್ಸಿನದೇ ಕಾಟ ಇರಬಹುದು. ಯಾವ ಹಲ್ಲೆಂದು ಬೆರಳಿಟ್ಟು ತೋರಿಸಲಾಗದಿದ್ದರೆ ನಾಚಿಕೊಳ್ಳಬೇಡಿ. ಕೆಳಗಿನ ಹಲ್ಲಿನ ನೋವು ಅದೇ ಪಕ್ಕದ ಮೇಲಿನ ಹಲ್ಲಿನದೆಂದು ಅನಿಸುವುದು ಮಾಮೂಲಿ.

ಇದುವರೆಗೆ ನೀವೇ ಮಾಡಿಕೊಂಡ ಉಪಚಾರವನ್ನೂ ಬಚ್ಚಿಡದೆ ಬರೆಯಿರಿ. ಯಾವ ನೋವಿನ ಮಾತ್ರೆ, ಎಷ್ಟು ಹೊತ್ತಿಗೆ, ಎಷ್ಟು. ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಮಾತ್ರೆ ಇಟ್ಟುಕೊಳ್ಳುವವರು ಈಗಲೂ ಇದ್ದಾರೆ. ಅದು ಅಲ್ಲಿನ ವಸಡನ್ನು ಸುಟ್ಟು ಬೆಳ್ಳಗೆ ಸುಲಿಯುತ್ತದೆ, ಹಲ್ಲಿನ ನೋವಿನ ಮೇಲೆ ಹುಣ್ಣಿನ ನೋವು. ಲವಂಗದ ಎಣ್ಣೆಯನ್ನು ಸುರಿದುಕೊಂಡರೂ ಅದೇ ಗತಿ. ಮನೆಯಲ್ಲಿ ಉಳಿದಿದ್ದ ಆಂಟಿಬಯೋಟಿಕ್ ನುಂಗಿ ಬಾವು ಇಳಿಸಿಕೊಂಡು ಹೋದವನು ನಾನು. ಬಾವು ಇಳಿದಿತ್ತು, ಬೇರಿನ ತುದಿಯ ಕೀವಿಗೆ ಏನೂ ಆಗಿರಲಿಲ್ಲ. ಡಾಕ್ಟರ್ ಕೇಳಿದಾಗ "ಏನೂ ತಗೊಂಡಿಲ್ಲ" ಎಂದುಬಿಟ್ಟೆ. ಏಕೆ ಹಾಗೆಂದೆನೋ ನನಗೇ ಗೊತ್ತಿಲ್ಲ. ಆ ಕುರ್ಚಿ ಕಂಡರೆ ಎಲ್ಲರೂ ಶಾಲೆಯ ಹುಡುಗರಾಗುತ್ತೇವೆ.

ಚೀಟಿಯ ಇನ್ನೊಂದು ಮಗ್ಗುಲಿಗೆ ಔಷಧಿಗಳ ಪಟ್ಟಿ. "ಹಲ್ಲಿಗೂ ಬಿಪಿ ಮಾತ್ರೆಗೂ ಏನು ಸಂಬಂಧ?" ಎಂದು ಕೇಳುವವರು ಬಹಳ. ಸಂಬಂಧ ಹೀಗಿದೆ: ಬಿಪಿಗೆ ಕೊಡುವ ಆಮ್ಲೊಡಿಪಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟೋಯಿನ್ ಕೆಲವರಲ್ಲಿ ವಸಡನ್ನೇ ದಪ್ಪಗೆ ಬೆಳೆಸುತ್ತವೆ. ಕಾರಣ ಗೊತ್ತಿದ್ದರೆ ಡಾಕ್ಟರ್ ಮಾಡುವ ಕೆಲಸವೇ ಬೇರೆ. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ಮೊದಲಾದವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವಂಥವು. ಹಲ್ಲು ಕೀಳಿಸಬೇಕಾಗಬಹುದು ಎಂದುಕೊಂಡು ಇವನ್ನು ನೀವೇ ನಿಲ್ಲಿಸಿ ಹೋಗಬೇಡಿ, ಖಂಡಿತ ಬೇಡ. ವಸಡಿನ ರಕ್ತವನ್ನು ಹತ್ತಿ ಕಚ್ಚಿಯೋ ಹೊಲಿಗೆ ಹಾಕಿಯೋ ನಿಲ್ಲಿಸಬಹುದು, ಹೃದಯದಲ್ಲೋ ಮೆದುಳಿನಲ್ಲೋ ಗಡ್ಡೆಗಟ್ಟಿದರೆ ಅಷ್ಟು ಸುಲಭವಲ್ಲ. ವಾರ್ಫರಿನ್ ತೆಗೆದುಕೊಳ್ಳುವವರು ರಕ್ತ ಎಷ್ಟು ನಿಧಾನ ಹೆಪ್ಪುಗಟ್ಟುತ್ತಿದೆ ಎಂದು ಹೇಳುವ ಇತ್ತೀಚಿನ ಐಎನ್‌ಆರ್ ರಿಪೋರ್ಟ್ ಒಯ್ಯಿರಿ, ಸಕ್ಕರೆ ಕಾಯಿಲೆಯವರು ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ರಿಪೋರ್ಟ್.

ಎಲ್ಲರೂ ಮರೆಯುವುದು ಮೂಳೆ ಸವೆತದ ಔಷಧಿ. ಅಲೆಂಡ್ರೊನೇಟ್ ಮಾತ್ರೆ ವಾರಕ್ಕೊಮ್ಮೆ, ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ವರ್ಷಕ್ಕೊಮ್ಮೆ. ದಿನಾ ನುಂಗುವ ಮಾತ್ರೆಗಳ ಡಬ್ಬಿಯಲ್ಲಿ ಅವಿರುವುದೇ ಇಲ್ಲ. ಆದರೆ ಅವನ್ನು ತೆಗೆದುಕೊಂಡವರಲ್ಲಿ ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯದೆ ಉಳಿಯುವ ಅಪಾಯ ಇದೆ. ಅಪರೂಪದ್ದೇ, ಆದರೂ ಕೀಳುವ ಮೊದಲು ತಿಳಿದಿರಲೇಬೇಕಾದದ್ದು. ಕ್ಯಾನ್ಸರಿಗೆ ಇಂಥ ಇಂಜೆಕ್ಷನ್ ಪಡೆದಿದ್ದರೆ ಅಪಾಯ ಹೆಚ್ಚು.

ಕೃತಕ ಹೃದಯ ಕವಾಟ ಇದ್ದವರು, ಹಿಂದೆ ಹೃದಯದ ಒಳಪದರಕ್ಕೆ ಸೋಂಕಾಗಿದ್ದವರು ಅದನ್ನು ದಪ್ಪಕ್ಷರದಲ್ಲಿ ಬರೆಯಿರಿ. ವಸಡಿನಿಂದ ರಕ್ತ ಬರುವ ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಅವರಿಗೆ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ. ಪೆನಿಸಿಲಿನ್ ಅಲರ್ಜಿ, ಗ್ಲೌಸಿನ ರಬ್ಬರ್ ಅಲರ್ಜಿ, ಹಿಂದೆ ಇಂಜೆಕ್ಷನ್‌ಗೆ ತಲೆಸುತ್ತಿ ಬಿದ್ದದ್ದು, ಹೊಗೆ, ತಂಬಾಕು, ಮದ್ಯ, ಇವೂ ಇರಲಿ. ಅವರು ಕೇಳುವುದು ನಿಮ್ಮನ್ನು ತೂಗಲಿಕ್ಕಲ್ಲ. ತಂಬಾಕು ಬಳಸುವವರ ಬಾಯಲ್ಲಿ ನಾಲಿಗೆಯ ಅಂಚು, ಕೆನ್ನೆಯ ಒಳಭಾಗವನ್ನು ಇನ್ನಷ್ಟು ಎಚ್ಚರದಿಂದ ನೋಡುತ್ತಾರೆ. ಎರಡು ವಾರವಾದರೂ ಮಾಯದ ಹುಣ್ಣೋ, ಬಿಳಿ ಅಥವಾ ಕೆಂಪು ಮಚ್ಚೆಯೋ ಇದ್ದರೆ ಕೇಳುವ ಮೊದಲೇ ತೋರಿಸಿ.

ಗರ್ಭಿಣಿಯರು ಹಲ್ಲಿನ ಚಿಕಿತ್ಸೆಯನ್ನು ಹೆರಿಗೆವರೆಗೆ ಮುಂದೂಡಬೇಕಿಲ್ಲ. ನಡುವಿನ ಮೂರು ತಿಂಗಳು ಕುರ್ಚಿಯಲ್ಲಿ ಕೂರಲು ಹೆಚ್ಚು ಆರಾಮ, ಅಷ್ಟೆ. ತುರ್ತಿದ್ದರೆ ಯಾವಾಗಲಾದರೂ ಸರಿ. ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗಿದಾಗ ತಲೆ ಸುತ್ತಿದರೆ ಎಡಕ್ಕೆ ಸ್ವಲ್ಪ ವಾಲಿಕೊಳ್ಳಲು ದಿಂಬು ಕೇಳಿ.

ಹೊರಡುವ ದಿನ

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಹಲ್ಲಿನ ಸುತ್ತ ಮಾತ್ರ ಮರಗಟ್ಟಿಸುವ ಇಂಜೆಕ್ಷನ್‌ಗೆ ಉಪವಾಸ ಬೇಕಿಲ್ಲ. ಹಸಿವು, ಭಯ ಎರಡೂ ಸೇರಿದರೆ ತಲೆಸುತ್ತು ಬರುವುದೇ ಹೆಚ್ಚು. ಒಂದೆರಡು ಗಂಟೆ ಮೊದಲು ಹಗುರಾಗಿ ತಿಂದು, ಮಾಮೂಲಿ ಮಾತ್ರೆಗಳನ್ನು ಮಾಮೂಲಿ ಹೊತ್ತಿಗೆ ತೆಗೆದುಕೊಂಡು ಹೊರಡಿ. ಪೂರ್ತಿ ಪ್ರಜ್ಞೆ ತಪ್ಪಿಸಿ ಅಥವಾ ಮಂಪರು ಬರಿಸಿ ಮಾಡುವ ಚಿಕಿತ್ಸೆಯಾದರೆ ಮಾತು ಬೇರೆ; ಎಷ್ಟು ಹೊತ್ತಿನಿಂದ ಏನೂ ತಿನ್ನಬಾರದೆಂದು ಅವರೇ ಹೇಳುತ್ತಾರೆ, ಆಗ ಮನೆಗೆ ಕರೆತರಲು ಜೊತೆಗೊಬ್ಬರು ಬೇಕು.

ಹಲ್ಲನ್ನು ಎಂದಿನಂತೆ ಉಜ್ಜಿ. ವರ್ಷಗಟ್ಟಲೆ ಕಟ್ಟಿದ ಪಾಚಿಯನ್ನು ಅದೊಂದು ಬೆಳಗ್ಗೆ ಉಜ್ಜಿ ತೆಗೆಯುತ್ತೇನೆಂದು ಹೊರಟರೆ ವಸಡು ಕಿತ್ತುಹೋಗುವುದಷ್ಟೇ ಲಾಭ. ಲಿಪ್‌ಸ್ಟಿಕ್ ಬೇಡ, ತುಟಿಯ ನಿಜವಾದ ಬಣ್ಣವೂ ಒಂದು ಲಕ್ಷಣ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ಹಾಕಿಕೊಂಡೇ ಹೋಗಿ. ಎರಡೂ ದವಡೆ ಒಟ್ಟಿಗೆ ಕಾಣುವ ಓಪಿಜಿ ಎಂಬ ದೊಡ್ಡ ಎಕ್ಸ್‌ರೇ ತೆಗೆಯುವಾಗ ಓಲೆ, ಮೂಗುತಿ, ಸರ, ಕನ್ನಡಕ, ಹೇರ್‌ಪಿನ್ ಎಲ್ಲ ತೆಗೆದಿಡಬೇಕಾಗುತ್ತದೆ. ತೆಗೆಯಲು ಹೆಣಗಬೇಕಾದ ಆಭರಣಗಳನ್ನು ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಅಸ್ತಮಾ ಇದ್ದರೆ ಇನ್‌ಹೇಲರ್ ಜೇಬಿನಲ್ಲಿರಲಿ.

ಕುರ್ಚಿಯಲ್ಲಿ ಕೂತಾಗ

ಮೊದಲು ಕಣ್ಣಾಡಿಸಿ. ನಿಮಗಾಗಿ ಹೊಸ ಗ್ಲೌಸ್ ಹಾಕಿಕೊಂಡರೇ, ಸಲಕರಣೆಗಳನ್ನು ಸೀಲ್ ಮಾಡಿದ ಪೊಟ್ಟಣದಿಂದ ನಿಮ್ಮೆದುರೇ ತೆಗೆದರೇ? ಆ ಪೊಟ್ಟಣ ಆಟೋಕ್ಲೇವ್‌ನ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷವೋ 134 ಡಿಗ್ರಿಯಲ್ಲಿ 3 ನಿಮಿಷವೋ ಬೆಂದು ಬಂದಿರುತ್ತದೆ. ಅದರ ಅಂಚಿನ ಗುರುತು ಬಣ್ಣ ಬದಲಿಸಿರುತ್ತದೆ. "ಇದು ಸ್ಟೆರಿಲೈಸ್ ಆಗಿದೆಯಾ ಡಾಕ್ಟ್ರೇ?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಸರಿಯಾಗಿ ನಡೆಸುವವರು ತೋರಿಸಲು ಹಿಂಜರಿಯುವುದಿಲ್ಲ.

ಆಮೇಲೆ ಡಾಕ್ಟರ್ ಏನೇನೋ ಅಂಕಿ ಹೇಳತೊಡಗುತ್ತಾರೆ, ಪಕ್ಕದವರು ಬರೆದುಕೊಳ್ಳುತ್ತಾರೆ. "ಮೂವತ್ತಾರರಲ್ಲಿ ಹುಳುಕು, ನಲವತ್ತೆಂಟು ಅಡ್ಡ ಬಂದಿದೆ." ಇರುವುದೇ 32 ಹಲ್ಲು, ನಲವತ್ತೆಂಟನೆಯದು ಎಲ್ಲಿಂದ ಬಂತು ಎಂದು ಗಾಬರಿಯಾಗಬೇಡಿ. ಅವನ್ನು ಎರಡು ಬಿಡಿ ಅಂಕಿಗಳಾಗಿ ಓದಬೇಕು. ಮೊದಲನೆಯದು ಬಾಯಿಯ ಕಾಲುಭಾಗ: ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಎರಡನೆಯದು ನಡು ಗೆರೆಯಿಂದ ಹಿಂದಕ್ಕೆ ಎಣಿಸಿದರೆ ಎಷ್ಟನೆಯ ಹಲ್ಲು ಎಂಬುದು. 36 ಎಂದರೆ ಕೆಳಗಿನ ಎಡಗಡೆ ಆರನೆಯದು, ಮೊದಲ ದೊಡ್ಡ ದವಡೆ ಹಲ್ಲು. ಕೊನೆಯಲ್ಲಿ 8 ಬಂದರೆ ಬುದ್ಧಿ ಹಲ್ಲು. ಮಕ್ಕಳ ಹಾಲುಹಲ್ಲಿಗೆ 5ರಿಂದ 8ರವರೆಗಿನ ಅಂಕಿ ಮುಂದೆ ಬರುತ್ತದೆ. ಇದು ಗೊತ್ತಿದ್ದರೆ ಬಿಲ್ಲಿನಲ್ಲಿರುವ ಹಲ್ಲೂ ನೋಯುತ್ತಿದ್ದ ಹಲ್ಲೂ ಒಂದೇ ಎಂದು ತಾಳೆ ನೋಡಬಹುದು. ಇನ್ನೊಂದು ಬಗೆಯ ಅಂಕಿಯೂ ಕಿವಿಗೆ ಬೀಳುತ್ತದೆ: "ಮೂರು, ಎರಡು, ಮೂರು, ಐದು..." ಅದು ಹಲ್ಲಿಗೂ ವಸಡಿಗೂ ನಡುವಿನ ಸಂದಿಯ ಆಳ, ಮಿಲಿಮೀಟರಿನಲ್ಲಿ. 3ರವರೆಗೆ ಚಿಂತೆಯಿಲ್ಲ. 4, 5, 6 ಹೆಚ್ಚುಹೆಚ್ಚು ಕೇಳಿಸಿದರೆ ವಸಡಿನ ಬಗ್ಗೆ ಕೇಳಲು ಮರೆಯಬೇಡಿ.

ಎಕ್ಸ್‌ರೇಗೆ ಅಂಜುವ ಕಾರಣವಿಲ್ಲ. ಬಾಯೊಳಗೆ ಇಟ್ಟು ತೆಗೆಯುವ ಚಿಕ್ಕದೊಂದರಿಂದ ತಗಲುವ ವಿಕಿರಣ, ನೆಲದಿಂದ ಆಕಾಶದಿಂದ ನಮಗೆ ಸುಮ್ಮನೆ ದಿನಾ ತಗಲುವುದರಷ್ಟೇ ಹೆಚ್ಚುಕಡಿಮೆ. ವಾಕರಿಕೆ ಬರುವವರು ಆಗ ಮೂಗಿನಲ್ಲಿ ನಿಧಾನ ಉಸಿರಾಡುತ್ತ ಒಂದು ಕಾಲನ್ನು ಎತ್ತಿ ಹಿಡಿದು ನೋಡಿ. ನಗು ಬಂದರೂ ಗಮನ ಬೇರೆಡೆ ಹೋಗುತ್ತದೆ, ನನಗಂತೂ ಉಪಯೋಗಕ್ಕೆ ಬಂದಿದೆ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಆ ಯಂತ್ರದ ತುದಿ ಸೆಕೆಂಡಿಗೆ 25,000 ಸಲದ ಆಸುಪಾಸಿನಲ್ಲೋ ಅದಕ್ಕೂ ಹೆಚ್ಚಾಗಿಯೋ ಅದುರಿ, ನೀರು ಚಿಮ್ಮಿಸುತ್ತ, ಗಾರೆಯಂತೆ ಕಟ್ಟಿದ ಪಾಚಿಯನ್ನು ಉದುರಿಸುತ್ತದೆ. ಅಲ್ಲಿಯವರೆಗೆ ಆ ಗಾರೆಯೇ ಸಂದಿ ತುಂಬಿಕೊಂಡಿತ್ತು. ಅದು ಹೋದಾಗ ನಾಲಿಗೆಗೆ ಸಂದಿ ಸಿಗುತ್ತದೆ, ಕೆಲವು ದಿನ ತಣ್ಣಗಿನದು ಜುಮ್ಮೆನ್ನುತ್ತದೆ. ಹಲ್ಲು ಸಡಿಲವೆನಿಸಿದರೆ ಅದರ ಸುತ್ತಲಿನ ಮೂಳೆ ಮೊದಲೇ ಕರಗಿತ್ತು ಎಂದರ್ಥ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬುದೂ ಬರೀ ಮಾತು. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ.

ಭಯವನ್ನು ಹೇಳಿಕೊಳ್ಳಿ

"ನಂಗೆ ಭಯ ಆಗ್ತಿದೆ ಡಾಕ್ಟ್ರೇ." ಇಷ್ಟು ಸಾಕು. ಆಮೇಲೆ ಒಂದು ಸನ್ನೆ ಗೊತ್ತು ಮಾಡಿಕೊಳ್ಳಿ: ಎಡಗೈ ಎತ್ತಿದರೆ ಅವರು ನಿಲ್ಲಿಸಬೇಕು. ಬಹುತೇಕ ಡಾಕ್ಟರುಗಳು ಬಲಪಕ್ಕದಲ್ಲಿ ಕೂರುವುದರಿಂದ ಎಡಗೈ. ಬಲಗೈ ಎತ್ತಿದರೆ ಅವರ ಮೊಣಕೈಗೆ ತಾಗೀತು. ಒಮ್ಮೆ ಸುಮ್ಮನೆ ಎತ್ತಿ ನೋಡಿ. ನಿಲ್ಲಿಸಿದರು ಎಂದಾದರೆ ಅರ್ಧ ಭಯ ಇಳಿದುಹೋಗುತ್ತದೆ, ಏಕೆಂದರೆ ಹೆಚ್ಚಿನವರನ್ನು ಕಾಡುವುದು ನೋವಿಗಿಂತ ಕೈಕಟ್ಟಿ ಕೂರಬೇಕಾದ ಸ್ಥಿತಿ.

ಇಂಜೆಕ್ಷನ್‌ಗೆ ಮೊದಲು ವಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಲು ಕೇಳಿ, ಅದಕ್ಕೆ ಒಂದೆರಡು ನಿಮಿಷ ಬೇಕು. ಇಂಜೆಕ್ಷನ್ ಆದಮೇಲೆ ಎದೆ ಡವಡವ ಅಂದರೆ ಅದು ಮರಗಟ್ಟಿಸುವ ಔಷಧಿಯಾದ ಲಿಗ್ನೋಕೇನ್ ಜೊತೆ ಬೆರೆಸಿರುವ ಅಡ್ರಿನಲಿನ್‌ನ ಕೆಲಸವಿರಬಹುದು, ಸ್ವಲ್ಪದರಲ್ಲೇ ಇಳಿಯುತ್ತದೆ. ಆದರೂ ಹೇಳಿ. ಮರಗಟ್ಟಿದ ಮೇಲೆ ನೋವು ಹೋಗುತ್ತದೆ. ಒತ್ತುವುದು, ಅದುರುವುದು, ಸದ್ದು ಮಾತ್ರ ಹೋಗುವುದಿಲ್ಲ. ಇದು ಮೊದಲೇ ಗೊತ್ತಿಲ್ಲದವರು ಅದನ್ನೇ ನೋವೆಂದು ಬೆಚ್ಚುತ್ತಾರೆ. ಕೀವು ತುಂಬಿದ ಜಾಗದಲ್ಲಿ ಮರಗಟ್ಟುವ ಔಷಧಿ ಸರಿಯಾಗಿ ಹಿಡಿಯುವುದಿಲ್ಲ, ಊದಿಸಿಕೊಂಡು ಹೋಗಬಾರದು ಎನ್ನುವುದು ಇದಕ್ಕೂ ಸೇರಿಸಿಯೇ.

ಎದ್ದು ಬರುವ ಮೊದಲು

ಬಾಯಿ ಖಾಲಿಯಾಯಿತು, ಈಗ ಕೇಳಿ. ಏನಾಗಿದೆ, ಎಕ್ಸ್‌ರೇಯಲ್ಲಿ ಎಲ್ಲಿ ಕಾಣುತ್ತದೆ, ಇದಕ್ಕೆ ಬೇರೆ ದಾರಿ ಉಂಟೇ, ಮೂರು ತಿಂಗಳು ಬಿಟ್ಟರೆ ಏನಾಗುತ್ತದೆ, ಎಷ್ಟು ಸಲ ಬರಬೇಕು, ಒಟ್ಟು ಖರ್ಚು ಎಷ್ಟು? ಕೊನೆಯದನ್ನು ಬರೆಸಿಕೊಳ್ಳಿ. ರೂಟ್ ಕೆನಾಲ್‌ನ ಲೆಕ್ಕದಲ್ಲಿ ಅದರ ಮೇಲಿನ ಕ್ಯಾಪ್ ಸೇರಿದೆಯೋ ಇಲ್ಲವೋ ಎಂಬಲ್ಲೇ ಎಷ್ಟೋ ಮನಸ್ತಾಪಗಳು ಹುಟ್ಟುವುದು. ನೋವಿಲ್ಲದ ಏಳೆಂಟು ಹಲ್ಲಿಗೆ ಒಂದೇ ದಿನ ಕೆಲಸ ಹೇಳಿದರೆ "ಯೋಚಿಸಿ ಬರುತ್ತೇನೆ" ಎಂದು ಎಕ್ಸ್‌ರೇ ಪ್ರತಿ ಕೇಳಿ ಪಡೆದು ಇನ್ನೊಬ್ಬರಿಗೆ ತೋರಿಸಿ. ಒಳ್ಳೆಯ ಡಾಕ್ಟರ್ ಇದಕ್ಕೆ ಬೇಸರಿಸುವುದಿಲ್ಲ.

ಮರಗಟ್ಟಿದ್ದು ಬಿಡಲು ಎರಡರಿಂದ ನಾಲ್ಕು ಗಂಟೆ ಹಿಡಿಯಬಹುದು. ಅಲ್ಲಿಯವರೆಗೆ ಅಗಿಯಬೇಡಿ, ಬಿಸಿ ಕುಡಿಯಬೇಡಿ. ಕೆನ್ನೆ ಕಚ್ಚಿಕೊಂಡದ್ದು ಸಂಜೆಯವರೆಗೂ ತಿಳಿಯುವುದಿಲ್ಲ.

ಮಗುವನ್ನು ಕರೆದೊಯ್ಯುವುದಾದರೆ

ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ತೋರಿಸಿ ಎಂಬುದು ಮಕ್ಕಳ ದಂತವೈದ್ಯರ ಸಲಹೆ. ಬೇಗವಾಯಿತು ಎನಿಸಬಹುದು. ಅಷ್ಟು ಚಿಕ್ಕ ಮಗುವಿಗೆ ಕುರ್ಚಿಯೇ ಬೇಡ. ಅಮ್ಮನೋ ಅಪ್ಪನೋ ಡಾಕ್ಟರಿಗೆ ಎದುರಾಗಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಮಗುವಿನ ತಲೆ ಡಾಕ್ಟರ ತೊಡೆಯ ಮೇಲೆ ಬರುವಂತೆ ಮಲಗಿಸಿದರೆ ಒಂದು ನಿಮಿಷದಲ್ಲಿ ನೋಡಿ ಮುಗಿಸುತ್ತಾರೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಹಿಂದಿನ ರಾತ್ರಿ ಭಾಷಣ ಬೇಡ. "ಏನೂ ನೋಯಲ್ಲ ಪುಟ್ಟಾ, ಹೆದರ್ಕೋಬೇಡ" ಎಂದರೆ ಮಗುವಿಗೆ ಕೇಳಿಸುವುದು "ನೋವು", "ಹೆದರಿಕೆ" ಎರಡೇ. "ನಿನ್ನ ಹಲ್ಲು ಎಣಿಸ್ತಾರೆ, ಎಷ್ಟಿದೆ ಅಂತ ನಂಗೂ ಹೇಳು" ಎಂದರೆ ಸಾಕು. ಉಳಿದದ್ದನ್ನು ಡಾಕ್ಟರಿಗೆ ಬಿಡಿ. ಮೊದಲು ಹೇಳಿ, ಆಮೇಲೆ ತೋರಿಸಿ, ಆಮೇಲೆ ಮಾಡುವ ಪದ್ಧತಿ 1959ರಿಂದ ಅವರ ಪಾಠದಲ್ಲಿದೆ. ಗಾಳಿ ಊದುವ ಕೊಳವೆಯನ್ನು ಮಗುವಿನ ಉಗುರಿನ ಮೇಲೆ ಮೊದಲು ಊದುತ್ತಾರೆ, ಬಾಯಿಗೆ ಆಮೇಲೆ. ನಡುವೆ ನೀವು ಬಾಯಿ ಹಾಕದಿರುವುದೇ ದೊಡ್ಡ ಸಹಾಯ. ಮತ್ತೆ, ಗಲಾಟೆ ಮಾಡಿದಾಗೆಲ್ಲ "ಡಾಕ್ಟ್ರಿಗೆ ಹೇಳಿ ಸೂಜಿ ಚುಚ್ಚಿಸ್ತೀನಿ" ಎಂದು ಬೆದರಿಸಿದ್ದ ಮನೆಯವರು ಆ ದಿನ ಮಗು ಬಾಯಿ ತೆರೆಯಲಿಲ್ಲವೆಂದು ಅದನ್ನು ಗದರಬಾರದು.

ಮಗುವಿಗೆ ಆರು ವರ್ಷದ ಆಸುಪಾಸಾಗಿದ್ದರೆ ಮನೆಯಲ್ಲೇ ಒಂದು ಕೆಲಸ ಮಾಡಿಕೊಂಡು ಹೋಗಿ. ಹಾಲುಹಲ್ಲು ಒಟ್ಟು 20, ಅಂದರೆ ಮೇಲೂ ಕೆಳಗೂ ನಡು ಗೆರೆಯಿಂದ ಒಂದೊಂದು ಬದಿಗೆ ಐದೈದು. ಆರನೆಯದು ಎಲ್ಲಕ್ಕಿಂತ ಹಿಂದೆ, ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಮೂಡುತ್ತದೆ. ಏನೂ ಬೀಳಲಿಲ್ಲವಲ್ಲ ಎಂದು ಅದನ್ನೂ ಹಾಲುಹಲ್ಲೆಂದುಕೊಂಡು, ಹುಳುಕಾದರೂ ಬಿದ್ದುಹೋಗುತ್ತದೆ ಬಿಡಿ ಎಂದು ಸುಮ್ಮನಿರುವ ಮನೆಗಳು ಕಡಿಮೆಯೇನಲ್ಲ. ಬಾಯಿ ತೆರೆಸಿ, ಬೆಳಕು ಹಿಡಿದು ಎಣಿಸಿ. ಆರನೆಯದು ಕಂಡರೆ ಅದು ಬೀಳುವ ಹಲ್ಲಲ್ಲ. ಡಾಕ್ಟರಿಗೆ ಮೊದಲು ತೋರಿಸಬೇಕಾದದ್ದೇ ಅದು.